ಮುಂಗಡ ಕೊಡುವ ಮೊದಲು ಚೌಕಟ್ಟು ತಟ್ಟಿ ನೋಡಿದೆವು

ಸಾಗರದ ಹತ್ತಿರ ಹಳೆಯ ಹೆಂಚಿನ ಮನೆಯೊಂದನ್ನು ಕೊಳ್ಳಲು ಹೊರಟಿದ್ದೆ. ಹೊಸ ಬಣ್ಣದಲ್ಲಿ ಮನೆ ಫಳಫಳ ಹೊಳೆಯುತ್ತಿತ್ತು. ಮುಂಗಡ ಕೊಡುವ ಮೊದಲು ಪರಿಚಯದ ಬಡಗಿಯೊಬ್ಬರನ್ನು ಕರೆದುಕೊಂಡು ಹೋದದ್ದೇ ನನ್ನನ್ನು ಉಳಿಸಿತು. ಅವರು ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲಿನ ಚೌಕಟ್ಟನ್ನು ಮೇಲಿನಿಂದ ಕೆಳಕ್ಕೆ ತಟ್ಟುತ್ತಾ ಬಂದರು. ಹೊಸ್ತಿಲಿನ ಬಳಿ ಸದ್ದು ಪೊಳ್ಳಾಯಿತು. ತುದಿಯಿಂದ ಒತ್ತಿದ ಕೂಡಲೇ ಬಣ್ಣದ ಪದರ ಹಪ್ಪಳದಂತೆ ಮುರಿಯಿತು. ಒಳಗೆ ಬರೀ ಮಣ್ಣು, ನಡುವೆ ಬೆಳ್ಳಗಿನ ಒರಲೆ (ಗೆದ್ದಲು) ಹುಳುಗಳು. ಅಟ್ಟದ ಗೋಡೆಯಲ್ಲಿ ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆ ತೊಲೆಯವರೆಗೂ ಏರಿತ್ತು. (ಕೊಳವೆ ಒಣಗಿದೆಯೆಂದು ನಿರಾಳರಾಗಬೇಡಿ. ಸ್ವಲ್ಪ ಒಡೆದು, ಕೆಲವು ದಿನ ಬಿಟ್ಟು ನೋಡಿ. ಮತ್ತೆ ಕಟ್ಟಿದ್ದರೆ ಒಳಗೆ ಹುಳು ಇದೆ.)

ಮಾರುವವರಿಗೆ ಎಲ್ಲವನ್ನೂ ತೋರಿಸಿದೆ. ಪಾಪ, ಅವರಿಗೂ ಗೊತ್ತಿರಲಿಲ್ಲ. ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಕಳೆದು ಕರಾರು ಬರೆದೆವು. ಗೋಡೆ ಮತ್ತು ನೆಲ ಸೇರುವಲ್ಲಿ ಸುಮಾರು 30 ಸೆಂ.ಮೀ.ಗೊಂದರಂತೆ ರಂಧ್ರ ಕೊರೆಸಿ, ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕದ ದ್ರಾವಣ ತುಂಬಿಸಿ, ಸಿಮೆಂಟಿನಿಂದ ಮುಚ್ಚಿಸಿದೆ. ಚೌಕಟ್ಟನ್ನು ಬದಲಾಯಿಸಿದೆ. ಹಿಂಬದಿಯ ಗೋಡೆಗೆ ಒರಗಿಸಿದ್ದ ಸೌದೆಯ ರಾಶಿಯನ್ನು ದೂರ ಹಾಕಿಸಿದ್ದೂ ಅಷ್ಟೇ ಮುಖ್ಯ. ಎರಡು ಮಳೆಗಾಲ ಕಳೆದಿವೆ, ಹೊಸ ಕೊಳವೆ ಕಂಡಿಲ್ಲ. ಆದರೂ ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಅಟ್ಟ ಹತ್ತುತ್ತೇನೆ.