ಸೀರೆ ಕೊಳ್ಳಲು ಹೋಗುವಾಗ ಹಳೆಯ ರವಿಕೆಯೊಂದು ಜೊತೆಗಿರಲಿ
ನೀವು ಅತಿ ಹೆಚ್ಚು ಸಲ ತೊಟ್ಟು ಸವೆಸಿರುವ ರವಿಕೆಯೊಂದನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ‘ಈ ವರ್ಷ ಇದೇ ಓಡುತ್ತಿರುವುದು’ ಎಂದು ಅಂಗಡಿಯವರು ಹರಡುವ ಸೀರೆಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಒಪ್ಪಿಗೆಯಾದುದನ್ನು ಬಾಗಿಲ ಬಳಿ ಹಗಲು ಬೆಳಕಿಗೆ ತಂದು ಹೆಗಲ ಮೇಲೆ ಹಾಕಿಕೊಂಡು, ಕನ್ನಡಿಯಲ್ಲಿ ನಿಮ್ಮ ಮುಖ ಹೇಗೆ ಕಾಣುತ್ತಿದೆ ಎಂಬುದನ್ನು ಗಮನಿಸಿ. ಮನಸ್ಸಿಗೆ ಒಗ್ಗದ ಬಣ್ಣವನ್ನು ಯಾರೂ ಪದೇ ಪದೇ ತೊಡುವುದಿಲ್ಲವಾದ್ದರಿಂದ ಸವೆದ ರವಿಕೆಯೇ ನಿಮ್ಮ ಅಭಿರುಚಿಗೆ ನಂಬತಕ್ಕ ಸಾಕ್ಷಿ. ಕತ್ತಿನ ಬಳಿಯ ಬಟ್ಟೆಯಿಂದ ಪ್ರತಿಫಲಿಸುವ ಬೆಳಕು ಮುಖದ ಮೇಲೆ ಬೀಳುತ್ತದೆ, ಮತ್ತು ಅಂಗಡಿಯ ದೀಪದಡಿ ಒಂದೇ ಎನಿಸಿದ ಎರಡು ಬಣ್ಣಗಳು ಬಿಸಿಲಿನಲ್ಲಿ ಬೇರೆಯಾಗಿ ಕಾಣುವುದುಂಟು. ರವಿಕೆ ಮಾಸಿದ್ದರೆ ಒಳಹೊಲಿಗೆಯಲ್ಲಿ ಮಡಚಿಟ್ಟಿರುವ ಅಂಚನ್ನು ತೆರೆದು ನೋಡಿ. ಮೂಲ ಬಣ್ಣ ಸಾಮಾನ್ಯವಾಗಿ ಅಲ್ಲಿ ಉಳಿದಿರುತ್ತದೆ. ಉದ್ದಕ್ಕೆ ಓಡುವ ಹಾಸು ಎಳೆಗೆ ಒಂದು ಬಣ್ಣ, ಅಡ್ಡಕ್ಕೆ ಓಡುವ ಹೊಕ್ಕು ಎಳೆಗೆ ಇನ್ನೊಂದು ಬಣ್ಣದ ನೂಲು ಬಳಸಿ ನೇಯ್ದ ರೇಷ್ಮೆಯಲ್ಲಿ ರವಿಕೆಯ ಪಕ್ಕದಲ್ಲಿಟ್ಟು ನೋಡುವ ಈ ಉಪಾಯ ಕೈಕೊಡುತ್ತದೆ, ಏಕೆಂದರೆ ನೆರಿಗೆ ತಿರುಗಿದಂತೆ ಅದರ ಬಣ್ಣವೂ ತಿರುಗುತ್ತದೆ. ಇಳಕಲ್ ಸೀರೆಯಲ್ಲಿ ಒಡಲು ಯಾವ ಬಣ್ಣದ್ದಾದರೂ ಸೆರಗು ಸಾಂಪ್ರದಾಯಿಕವಾಗಿ ಕೆಂಪು. ಹೆಗಲ ಮೇಲೆ ಬರುವುದು ಅದೇ ಆದ್ದರಿಂದ ಪರೀಕ್ಷೆಯನ್ನು ಸೆರಗಿನಿಂದಲೇ ಮಾಡಬೇಕು. ಫೋನಿನ ಪರದೆಯಲ್ಲಿ ನೋಡಿ ತರಿಸುವವರಿಗೆ ರವಿಕೆ ಹೋಲಿಸುವ ಮಾತೇ ಇಲ್ಲ. ಅಂಥವರು ಹಿಂದಿರುಗಿಸಲು ಅವಕಾಶವಿರುವಲ್ಲಿ ಮಾತ್ರ ಕೊಂಡು, ಬಂದ ದಿನವೇ, ಚೀಟಿ ಕೀಳುವ ಮೊದಲೇ, ಕಿಟಕಿಯ ಬೆಳಕಿನಲ್ಲಿ ನೋಡಿಬಿಡುವುದು ಒಳ್ಳೆಯದು.