ಗೋಡೆಯೊಳಗಿನ ಪೈಪು, ಪ್ಯಾಡಿನಲ್ಲಿನ ಕೈಬರಹ

ವಿಜಯನಗರದಲ್ಲಿ ಮೆಟ್ರೊ ಹತ್ತಿ ವೈಟ್‌ಫೀಲ್ಡ್ ಕಡೆ ಹೊರಟಿದ್ದೆ. ಹೊಸಹಳ್ಳಿ ಬರುವಷ್ಟರಲ್ಲಿ ಫೋನ್ ಬಂತು. ಎರಡು ವರ್ಷದ ಹಿಂದೆ ಕೆಂಗೇರಿಯಲ್ಲಿ ವೈರಿಂಗ್ ಮಾಡಿಕೊಟ್ಟ ಮನೆಯವರು. "ಗೋಡೆಗೆ ಟಿವಿ ಹಾಕೋಕೆ ಬಂದಿದ್ದಾರೆ, ಡ್ರಿಲ್ ಎಲ್ಲಿ ಹೊಡೆಯಬಹುದು?" ಅಂತ ಕೇಳಿದರು.

ಪ್ಲಾಸ್ಟರ್ ಆಗಿ ಪೇಂಟ್ ಬಿದ್ದ ಮೇಲೆ ವೈರ್ ಹೋಗುವ ಪೈಪ್ ಎಲ್ಲಿದೆ ಅಂತ ಯಾರ ಕಣ್ಣಿಗೂ ಕಾಣುವುದಿಲ್ಲ. ಬ್ಯಾಗಿನಿಂದ, ಪರದೆಯ ಮೇಲೆ ಪೆನ್ನಿನಲ್ಲಿ ಬರೆಯುವ ನನ್ನ ಡಿಜಿಟಲ್ ನೋಟ್‌ಪ್ಯಾಡ್ ತೆಗೆದು ಆ ಮನೆಯ ಹಾಲ್ ಇರುವ ಪುಟ ತೆರೆದೆ. ಬಾಗಿಲ ಚೌಕಟ್ಟಿನಿಂದ 3 ಅಡಿ 4 ಇಂಚಿಗೆ ಪೈಪ್ ನೇರ ಕೆಳಗೆ ಇಳಿದಿದೆ ಅಂತ ನಾನೇ ಬರೆದಿದ್ದೆ. ಆ ಜಾಗಕ್ಕೆ ಸುತ್ತು ಹಾಕಿ, ಸ್ಕ್ರೀನಿನ ಫೋಟೊ ಹೊಡೆದೆ. ಮಾಗಡಿ ರಸ್ತೆ ದಾಟಿ ರೈಲು ಸುರಂಗಕ್ಕೆ ಇಳಿಯುವ ಮೊದಲೇ ವಾಟ್ಸಾಪ್ ಹೋಗಿತ್ತು.

ನನ್ನದು ಮನೆಗಳ ವೈರಿಂಗ್ ಗುತ್ತಿಗೆ ಕೆಲಸ. ದಿನಕ್ಕೆ ಮೂರು ಸೈಟ್, ಒಂದೊಂದೂ ಊರಿನ ಒಂದೊಂದು ಮೂಲೆಯಲ್ಲಿ. ಬರೆಯುವುದೆಲ್ಲ ನಿಂತುಕೊಂಡೇ. ಮೊದಲು ಪ್ರತಿ ಮನೆಗೂ ಒಂದು ನೋಟ್‌ಬುಕ್ ಇಡುತ್ತಿದ್ದೆ. ಬೇಕಾದಾಗ ಆ ಪುಸ್ತಕ ಮನೆಯಲ್ಲಿರುತ್ತಿತ್ತು, ನಾನು ಸೈಟಿನಲ್ಲಿರುತ್ತಿದ್ದೆ. ಫೋನಿನಲ್ಲಿ ಟೈಪ್ ಮಾಡಿ ನೋಡಿದೆ. ಗೋಡೆಯ ಚಿತ್ರವನ್ನು ಟೈಪ್ ಮಾಡೋಕಾಗಲ್ಲ, ಅಲ್ವಾ?

ಆಮೇಲೆ ಫುಟ್‌ಪಾತಿನಲ್ಲಿ ಸಿಗುವ ಎಲ್‌ಸಿಡಿ ಬರೆಯುವ ಹಲಗೆ ತಗೊಂಡೆ. ಕೆಲವೇ ನೂರು ರೂಪಾಯಿ. ಅದರಲ್ಲಿ ಬರೆಯುವುದಕ್ಕೆ ಕರೆಂಟೇ ಬೇಡ. ಒತ್ತಿದ ಕಡೆ ಒಳಗಿನ ಲಿಕ್ವಿಡ್ ಕ್ರಿಸ್ಟಲ್ ಜೋಡಣೆ ಬದಲಾಗಿ ಗೆರೆ ಕಾಣುತ್ತದೆ, ಅಷ್ಟೇ. ಒಳಗಿನ ಬಟನ್ ಸೆಲ್ ಇರುವುದು ಅಳಿಸುವುದಕ್ಕೆ ಮಾತ್ರ. ಒಂದು ದಿನ ಇಡೀ ಮನೆಯ ಸಾಮಾನಿನ ಪಟ್ಟಿ ಅದರಲ್ಲಿ ಬರೆದುಕೊಂಡು ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೋದೆ. ಅಂಗಡಿ ಮುಂದೆ ತೆಗೆದು ನೋಡಿದರೆ ಹಲಗೆ ಖಾಲಿ. ಬ್ಯಾಗಿನೊಳಗೆ ಏನೋ ತಾಗಿ ಅಳಿಸುವ ಬಟನ್ ಒತ್ತಿಹೋಗಿತ್ತು. 1.5 ಚದರ ಮಿಲಿಮೀಟರ್ ವೈರ್ ಎಷ್ಟು ಸುರುಳಿ, 2.5 ಎಷ್ಟು, ಗೀಸರ್‌ಗೆ 4 ಎಷ್ಟು, ಎಲ್ಲವನ್ನೂ ನೆನಪಿನಿಂದ ಮತ್ತೆ ಹೇಳಬೇಕಾಯಿತು. ಅಡುಗೆಮನೆಯ 16 ಆಂಪ್ ಸಾಕೆಟ್‌ಗಳು ಬಿಟ್ಟೇಹೋದವು. ಬೆಲೆ ಬರೆದುಕೊಳ್ಳೋಕೆ, ಮಕ್ಕಳ ಅಕ್ಷರಕ್ಕೆ ಆ ಹಲಗೆ ಚೆನ್ನಾಗಿದೆ. ಉಳಿಯಬೇಕಾದ ಮಾತಿಗೆ ಬೇಡ.

ಈಗ ಇರುವುದು 10.3 ಇಂಚಿನ ಇ-ಇಂಕ್ ಪ್ಯಾಡ್. ಪೆನ್ನೂ ಸೇರಿ 30 ಸಾವಿರ ದಾಟಿತು. ಮನೆಯಲ್ಲಿ ಮಾತಾಡಿಕೊಂಡು, ಆರು ತಿಂಗಳು ಕಾದು ತಗೊಂಡಿದ್ದು. ಇದರ ಪರದೆಯೊಳಗೆ ಕಪ್ಪು-ಬಿಳಿ ಪುಡಿ ತುಂಬಿದ ಕೂದಲೆಳೆಯಷ್ಟು ಸಣ್ಣ ಗುಳಿಗೆಗಳಿವೆ. ಕರೆಂಟ್ ಕೊಟ್ಟಾಗ ಯಾವ ಬಣ್ಣದ ಪುಡಿ ಮೇಲೆ ಬರುತ್ತದೋ ಅದು ಕಾಣುತ್ತದೆ. ಆಮೇಲೆ ಕರೆಂಟ್ ತೆಗೆದರೂ ಅಕ್ಷರ ಹಾಗೇ ನಿಲ್ಲುತ್ತದೆ. ಅದಕ್ಕೇ ನನಗೆ ಚಾರ್ಜ್ ವಾರಕ್ಕೊಮ್ಮೆ ಸಾಕು. ಇದಕ್ಕಿಂತ ದೊಡ್ಡ ಉಪಕಾರ ಬಿಸಿಲಿನಲ್ಲಿ ಗೊತ್ತಾಯಿತು. ಸ್ಲ್ಯಾಬ್ ಹಾಕುವ ಹಿಂದಿನ ದಿನ, ಕಂಬಿ ಕಟ್ಟಿದ ಮೇಲೆ, ಪೈಪ್ ಮತ್ತು ಫ್ಯಾನ್ ಬಾಕ್ಸ್ ಇಡುತ್ತೇವೆ. ಕಾಂಕ್ರೀಟ್ ಬಿದ್ದರೆ ಮುಗೀತು, ಮತ್ತೆ ಬದಲಾಯಿಸೋಕಾಗಲ್ಲ. ಆ ಹೊತ್ತಿನಲ್ಲಿ ಮೇಲೆ ನೆರಳೇ ಇರಲ್ಲ. ಫೋನ್ ಸ್ಕ್ರೀನ್ ನೋಡೋಕೆ ಕೈ ಅಡ್ಡ ಹಿಡಿಯಬೇಕು. ಇದು ಬಿಸಿಲು ಜಾಸ್ತಿ ಆದಷ್ಟೂ ಚೆನ್ನಾಗಿ ಕಾಣುತ್ತದೆ, ಕಾಗದದ ಹಾಗೆ.

ಮೊದಲ ತಿಂಗಳು ಮಾತ್ರ ನನ್ನ ಬರಹ ನನಗೇ ಓದೋಕೆ ಬರುತ್ತಿರಲಿಲ್ಲ. ಕಾರಣ ಸಿಗೋಕೆ ಸಮಯ ಹಿಡಿಯಿತು: ಒತ್ತಕ್ಷರ. ಪ್ಯಾಡಿನಲ್ಲಿ ಬಂದಿದ್ದ ಗೆರೆಗಳು ಹತ್ತಿರ ಹತ್ತಿರ, ಇಂಗ್ಲಿಷ್ ಬರವಣಿಗೆಗೆ ಸರಿಹೋಗುವಂಥವು. ನಮ್ಮ ಕೆಲಸದ ಮಾತುಗಳನ್ನೇ ನೋಡಿ: ಸ್ವಿಚ್, ಪ್ಲಗ್, ಫ್ಯಾನ್, ಪ್ಲಾಸ್ಟರ್, ಕಾಂಕ್ರೀಟ್. ಒತ್ತು ಇಲ್ಲದ ಪದವೇ ಇಲ್ಲ. 'ಸ್ಲ್ಯಾಬ್' ಬರೆದರೆ ಸ ಕೆಳಗೆ ಲ, ಅದರ ಪಕ್ಕದಲ್ಲೇ ಯ. ಆ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಎರಡೂ ಸಾಲು ಕೆಡುತ್ತಿದ್ದವು.

ಹಾಗಾಗಿ ಗೆರೆ ಪುಟವನ್ನು ನಾನೇ ಮಾಡಿಕೊಂಡೆ. ಕಂಪ್ಯೂಟರಿನಲ್ಲಿ ಪರದೆಯ ಅಳತೆಗೇ, ಅಂದರೆ ಸುಮಾರು 157 ಮಿಲಿಮೀಟರ್ ಅಗಲ, 209 ಎತ್ತರಕ್ಕೆ, ಖಾಲಿ ಪುಟ ಹಾಕಿ, 11 ಮಿಲಿಮೀಟರಿಗೊಂದು ತೆಳು ಬೂದು ಗೆರೆ ಎಳೆದು ಪಿಡಿಎಫ್ ಮಾಡಿದೆ. ಪುಟಕ್ಕೆ 18 ಸಾಲು. ಕಡಿಮೆ ಅನ್ನಿಸಬಹುದು, ಆದರೆ ಇಲ್ಲಿ ಪುಟಕ್ಕೇನು ಬರ? ಇನ್ನೊಂದು ಪುಟಕ್ಕೆ ಗೆರೆ ಬದಲು ಸಣ್ಣ ಚೌಕ ಹಾಕಿದೆ, ಒಂದು ಚೌಕಕ್ಕೆ ಅರ್ಧ ಅಡಿ ಲೆಕ್ಕದಲ್ಲಿ ಗೋಡೆ ಬರೆಯೋಕೆ. ಪೆನ್ನಿನ ದಪ್ಪವನ್ನೂ ಕಡಿಮೆ ಮಾಡಿದೆ. ದಪ್ಪ ಇಟ್ಟರೆ ಪ ಮತ್ತು ಫ ನಡುವಿನ ಆ ಸಣ್ಣ ಸೀಳು ಮುಚ್ಚಿಹೋಗುತ್ತದೆ. ಕನ್ನಡದಲ್ಲಿ ಬರೆಯುವ ಯಾರೇ ಆಗಲಿ, ಪ್ಯಾಡ್ ತಗೊಂಡ ದಿನವೇ ದೂರ ದೂರದ ಗೆರೆ, ತೆಳು ಪೆನ್ನು, ಈ ಎರಡನ್ನು ಮಾಡಿಕೊಳ್ಳಿ. ದುಬಾರಿ ಪ್ಯಾಡಾದರೂ ಗೆರೆಗಳ ನಡುವೆ ಅಗಲ ಜಾಗ ಇಲ್ಲದಿದ್ದರೆ ಬರವಣಿಗೆ ಕೆಡುತ್ತದೆ.

ಇನ್ನೊಂದು ಕೊರತೆ ಹುಡುಕಾಟದ್ದು. ನನ್ನ ಪ್ಯಾಡ್ ಕನ್ನಡ ಕೈಬರಹವನ್ನು ಓದಿ ಹುಡುಕಿಕೊಡುವುದಿಲ್ಲ. ಹಾಗಾಗಿ ಪ್ಯಾಡಿನಲ್ಲೇ ಮನೆಗೊಂದು ಪುಸ್ತಕ, ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ಬಡಾವಣೆ. ಮೊದಲ ಪುಟದಲ್ಲಿ ಕೈಯಲ್ಲೇ ಬರೆದ ಪರಿವಿಡಿ: ಹಾಲ್ 4, ಅಡುಗೆಮನೆ 7, ಮೀಟರ್ ಬೋರ್ಡ್ 11. ಕೆಂಗೇರಿ ಮನೆಯ ಪುಟ ಅಷ್ಟು ಬೇಗ ಸಿಕ್ಕಿದ್ದು ಹೀಗೆ.

ಪೆನ್ನಿಗೆ ಬ್ಯಾಟರಿ ಇಲ್ಲ. ಪ್ಯಾಡ್ ಹೊರಡಿಸುವ ಅಲೆಯಿಂದಲೇ ಪೆನ್ನಿನೊಳಗಿನ ಸುರುಳಿಗೆ ಶಕ್ತಿ ಬರುತ್ತದೆ, ಇದಕ್ಕೆ ಇಎಂಆರ್ ಅನ್ನುತ್ತಾರೆ. ಇದರಿಂದ ನನಗೆ ಒಂದು ಲಾಭ ಆಯಿತು. ಪ್ಯಾಡನ್ನು ತೆಳು ಪ್ಲಾಸ್ಟಿಕ್ ಕವರಿನೊಳಗೆ ಇಟ್ಟೇ ಮೇಲಿಂದ ಬರೆಯಬಹುದು. ಮಳೆಹನಿ, ಸಿಮೆಂಟ್ ಧೂಳು ಎರಡಕ್ಕೂ ಅದೇ ರಕ್ಷಣೆ. ಕವರ್ ಇಲ್ಲದೆ ಬರೆದ ದಿನಗಳಲ್ಲಿ ಧೂಳು ತಾಗಿ ಪೆನ್ನಿನ ಮೊನೆ ಉಜ್ಜಿದ ಹಾಗೆ ಸವೆಯುತ್ತಿತ್ತು. ಪೆನ್ನಿಗೆ ದಾರ ಕಟ್ಟಿ ಪ್ಯಾಡಿಗೇ ಸೇರಿಸಿದ್ದೇನೆ, ಒಮ್ಮೆ ಬಸ್ಸಿನಲ್ಲಿ ಕಳೆದುಕೊಂಡ ಮೇಲೆ.

ರಾತ್ರಿ ಊಟಕ್ಕೆ ಮೊದಲು ಎಲ್ಲ ಪುಸ್ತಕಗಳ ಪಿಡಿಎಫ್ ಕಂಪ್ಯೂಟರಿಗೆ ಹೋಗುತ್ತದೆ. ಪ್ಯಾಡ್ ಕೆಟ್ಟರೂ ಮನೆಗಳ ನಕ್ಷೆ ಉಳಿಯಬೇಕು. ಕೆಲಸ ಮುಗಿದ ಮನೆಯವರಿಗೂ ಒಂದು ಪ್ರತಿ ಕೊಡುತ್ತೇನೆ. ಅವರ ಗೋಡೆಯೊಳಗೆ ಏನಿದೆ ಅಂತ ಅವರಿಗೆ ಗೊತ್ತಿರಬೇಕಲ್ವಾ.

ಕಾಗದವನ್ನು ಪೂರ್ತಿ ಬಿಟ್ಟಿಲ್ಲ. ಲೈಟ್, ಫ್ಯಾನ್, ಸಾಕೆಟ್ ಪಾಯಿಂಟುಗಳ ಲೆಕ್ಕಕ್ಕೆ ಮಾಲೀಕರ ಸಹಿ ಈಗಲೂ ಕಾಗದದ ಮೇಲೇ ಹಾಕಿಸುತ್ತೇನೆ. ಹಿರಿಯರಿಗೆ ಅದರಲ್ಲೇ ಸಮಾಧಾನ. ಸಹಿ ಆದ ಮೇಲೆ ಆ ಹಾಳೆಯ ಫೋಟೊ ತೆಗೆದು, ಅದೇ ಮನೆಯ ಪುಸ್ತಕದ ಕೊನೇ ಪುಟಕ್ಕೆ ಸೇರಿಸಿಡುತ್ತೇನೆ.