ಮೊಬೈಲ್‌ನಲ್ಲಿ 890 ಕಂಡರೆ ಗಾಬರಿ ಬೇಡ: ಚಿಕ್ಕಮಗಳೂರಿಗೆ ಹೊಸದಾಗಿ ಬಂದವರಿಗೆ

ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಎದ್ದಿದೆ ಅಂತ ಸುದ್ದಿ ಬಂದರೆ ಸಾಕು, ಊರಿಗೆ ಹೊಸಬರಾದ ಯಾರಾದರೊಬ್ಬರು ನಮ್ಮ ಸಂಘಕ್ಕೆ ಫೋನ್ ಮಾಡುತ್ತಾರೆ. "ನನ್ನ ಮೊಬೈಲ್‌ನಲ್ಲಿ ಗಾಳಿಯ ಒತ್ತಡ 892 ತೋರಿಸ್ತಿದೆ. ಅಮೆರಿಕದ ದೊಡ್ಡ ಹರಿಕೇನ್‌ಗಳಲ್ಲಿ ಇಷ್ಟೇ ಇರುತ್ತಂತಲ್ಲ?" ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. ಹರಿಕೇನ್ ಅಂದರೆ ಆ ಕಡೆಯ ಜೋರಾದ ಚಂಡಮಾರುತ. 2005ರ ವಿಲ್ಮಾ ಹರಿಕೇನ್‌ನ ಕಣ್ಣಿನಲ್ಲಿ, ಅಂದರೆ ನಟ್ಟನಡುವೆ, ಒತ್ತಡ 882 ಮಿಲಿಬಾರ್‌ಗೆ (ಗಾಳಿಯ ಒತ್ತಡ ಅಳೆಯುವ ಮಾನ) ಇಳಿದಿತ್ತು. ಅಟ್ಲಾಂಟಿಕ್‌ನಲ್ಲಿ ಅದಕ್ಕಿಂತ ಕಡಿಮೆ ದಾಖಲಾಗಿಲ್ಲ.

ಆದರೆ ಅದು ಸಮುದ್ರ ಮಟ್ಟದ ಲೆಕ್ಕ. ನಮ್ಮ ಊರು ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ತಲೆಯ ಮೇಲಿನ ಗಾಳಿಯ ಭಾರ ಅಷ್ಟು ಕಡಿಮೆ. ಒಳ್ಳೆ ಬಿಸಿಲಿನ ದಿನವೂ ಇಲ್ಲಿ 890ರ ಆಸುಪಾಸೇ ಇರುತ್ತದೆ. ಮುಳ್ಳಯ್ಯನಗಿರಿ ಹತ್ತಿದರೆ 800 ಚಿಲ್ಲರೆ. ಮೂರು ಮಹಡಿ ಮೆಟ್ಟಿಲು ಹತ್ತಿದರೂ ಒಂದು ಮಿಲಿಬಾರ್ ಇಳಿಯುತ್ತದೆ, ಬೇಕಾದರೆ ಫೋನ್ ಹಿಡಿದು ಹತ್ತಿ ನೋಡಿ.

ಹಾಗಾಗಿ ಎಷ್ಟು ಇಳಿಯಿತು ಅನ್ನುವುದನ್ನು ಗಮನಿಸಿ. ಅಲ್ಲೂ ಒಂದು ಎಚ್ಚರ ಬೇಕು. ನಮ್ಮ ಕಡೆ ದಿನಾ ಬೆಳಿಗ್ಗೆ 10ರ ಹೊತ್ತಿಗೆ ಒತ್ತಡ ಏರಿ, ಸಂಜೆ 4ರ ಹೊತ್ತಿಗೆ ಮೂರು ನಾಲ್ಕು ಮಿಲಿಬಾರ್ ಇಳಿಯುವುದು ಮಾಮೂಲು. ಅದೇ ಮೇಜಿನ ಮೇಲೆ ಫೋನ್ ಇಟ್ಟು, ಇವತ್ತಿನ 4 ಗಂಟೆಯನ್ನು ನಿನ್ನೆಯ 4 ಗಂಟೆಗೆ ಹೋಲಿಸಿ.

ಇನ್ನು ಚಂಡಮಾರುತದ ದರ್ಜೆ. ಅದನ್ನು ಗಾಳಿಯ ವೇಗ ನೋಡಿಯೇ ಕೊಡುತ್ತಾರೆ. ನಮ್ಮ ಹವಾಮಾನ ಇಲಾಖೆ ಮೂರು ನಿಮಿಷದ ಸರಾಸರಿ ಹಿಡಿಯುತ್ತದೆ. ಗಂಟೆಗೆ 62 ಕಿ.ಮೀ. ದಾಟಿದರೆ ಚಂಡಮಾರುತ. ಅಮೆರಿಕದವರದು ಒಂದು ನಿಮಿಷದ ಸರಾಸರಿ, 119 ದಾಟಿದರೆ ಹರಿಕೇನ್. ಎರಡೂ ಕಡೆಯ ಅಂಕಿಗಳನ್ನು ನೇರವಾಗಿ ಹೋಲಿಸಲು ಹೋಗಬೇಡಿ.

ನಡುವಿನ ಒತ್ತಡ ಕುಸಿದಷ್ಟೂ ಗಾಳಿ ಜೋರು, ಇದು ನಿಜ. ಆದರೂ 1992ರಲ್ಲಿ ಫ್ಲೋರಿಡಾಕ್ಕೆ ಬಡಿದ ಆಂಡ್ರ್ಯೂ ಮತ್ತು 2005ರಲ್ಲಿ ಲೂಸಿಯಾನಕ್ಕೆ ಬಡಿದ ಕತ್ರೀನಾ ನೋಡಿ. ಒತ್ತಡ 922 ಮತ್ತು 920, ಹೆಚ್ಚುಕಮ್ಮಿ ಒಂದೇ. ಗಾಳಿ ಮಾತ್ರ ಆಂಡ್ರ್ಯೂದ್ದು 265 ಕಿ.ಮೀ., ಕತ್ರೀನಾದ್ದು 205. ಯಾಕೆ? ಆಂಡ್ರ್ಯೂ ಚಿಕ್ಕದು, ಕತ್ರೀನಾ ಬಹಳ ಅಗಲ. ಅಷ್ಟೇ ಎತ್ತರವನ್ನು ಚಾರ್ಮಾಡಿ ಘಾಟಿಯ ಹಾಗೆ ಗಕ್ಕನೆ ಇಳಿದರೆ ಒಂದು ರಭಸ, ಉದ್ದಕ್ಕೂ ನಿಧಾನವಾಗಿ ಇಳಿದರೆ ಇನ್ನೊಂದು, ಅಲ್ವಾ? ಆದರೆ ಅಗಲವಾದದ್ದು ಸಮುದ್ರದ ನೀರನ್ನು ಜಾಸ್ತಿ ದೂರಕ್ಕೆ ನೂಕಿಕೊಂಡು ಬರುತ್ತದೆ. ಕತ್ರೀನಾದಲ್ಲಿ ಹೆಚ್ಚು ಜನರನ್ನು ಕೊಂದದ್ದು ನೀರೇ.

ನಮ್ಮ ಬೆಟ್ಟಗಳಿಗೂ ಗಾಳಿಗಿಂತ ಮಳೆಯದೇ ಚಿಂತೆ. 2021ರ ಮೇ ತಿಂಗಳಲ್ಲಿ ತೌಕ್ತೆ ದಡ ಸೇರಿದ್ದು ದೂರದ ಗುಜರಾತಿನಲ್ಲಿ. ಆದರೂ ನಮ್ಮ ಜಿಲ್ಲೆಯಲ್ಲಿ ಮಳೆ ಸುರಿಯಿತು. ಆದ್ದರಿಂದ ಚಂಡಮಾರುತದ ದರ್ಜೆ ಜೊತೆಗೆ ಜಿಲ್ಲೆಯ ಮಳೆ ಎಚ್ಚರಿಕೆ ಹಳದಿಯೋ, ಕಿತ್ತಳೆಯೋ, ಕೆಂಪೋ ನೋಡಿ. ಕಾರನ್ನು ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸಬೇಡಿ. ಕರೆಂಟ್ ಹೋಗುವ ಮೊದಲೇ ಟ್ಯಾಂಕ್ ತುಂಬಿಸಿ. ರಾತ್ರಿ ಘಾಟಿ ಇಳಿಯುವ ಯೋಚನೆ ಇದ್ದರೆ ಬೆಳಗಿನವರೆಗೆ ತಡೆಯಿರಿ.